ಹನ್ನೆರಡು ನಾಡುಗಳ ವೀಳ್ಯ

ಸಿರಿವೊಳಲಿನ ಕೋಟೆಯ ಮೂಡಣ ಬಾಗಿಲಲ್ಲಿ ದಿನವೂ ಸೂರ್ಯೋದಯಕ್ಕೆ ಸರಿಯಾಗಿ ಅರಸರ ಬಿರುದುಗಳನ್ನು ಸಾರುವುದು ಹೊಗಳುಭಟ ಕಾಚಯ್ಯನ ಕೆಲಸವಾಗಿತ್ತು. ಮೂವತ್ತೊಂದು ಬಿರುದುಗಳನ್ನು ಅವನು ಒಂದೂ ತಪ್ಪದೆ, ಉಸಿರು ಕಟ್ಟಿ, ಹಗರಿ ಹೊಳೆಯ ಆಚೆ ದಡದ ಅಗಸರಿಗೂ ಕೇಳಿಸುವಂತೆ ಸಾರುತ್ತಿದ್ದನು. ಬೊಪ್ಪದೇವರಸರು ತೀರಿಕೊಂಡ ಮೇಲೆ ಸಾರುವುದಕ್ಕೆ ಹೆಸರೇ ಇಲ್ಲದಂತಾಯಿತು. ಆದರೂ ಅಭ್ಯಾಸ ಬಿಡಲಾರದೆ ಅವನು ಬುರುಜನ್ನೇರಿ, "ಕೇಳಿರಿ, ಕೇಳಿರಿ!" ಎಂದು ಕೂಗಿ, ಮುಂದೆ ಏನು ಹೇಳಬೇಕೆಂದು ತೋಚದೆ, "ಬೆಳಗಾಯಿತು!" ಎಂದು ಮುಗಿಸಿ ಇಳಿಯುತ್ತಿದ್ದನು.

"ಅದು ನಮಗೂ ಕಾಣಿಸುತ್ತದೆ, ಕಾಚಯ್ಯ!" ಎಂದು ಹೂವಾಡಗಿತ್ತಿಯರು ಕೆಳಗಿನಿಂದ ನಗುತ್ತಿದ್ದರು.

ಆ ನಗುವಿನ ಅಡಿಯಲ್ಲಿ ಭಯವಿತ್ತು. ಅರಮನೆಯ ಬೆಳ್ಗೊಡೆಯನ್ನು ಮಡಿಸಿ ಬಟ್ಟೆ ಸುತ್ತಿ ಇಟ್ಟಿದ್ದರು. ಭೇರಿ ನಲವತ್ತೇಳು ದಿನಗಳಿಂದ ಮೂಕವಾಗಿತ್ತು. ಈಗ ಹನ್ನೆರಡು ನಾಡುಗಳ ಗೌಂಡರು ತಮ್ಮ ತಮ್ಮ ಪರಿವಾರದೊಡನೆ ಒಬ್ಬೊಬ್ಬರಾಗಿ ಕೋಟೆಯನ್ನು ಹೊಗುತ್ತಿದ್ದರು. ಕರಿಮಣ್ಣಿನ ದಾರಿಯಲ್ಲಿ ಬಂದ ಬಂಡಿಗಳ ಗಾಲಿಗಳು ಪೇಟೆಯ ಕಲ್ಲುಹಾಸಿನ ಮೇಲೆ ಹೆಂಟೆ ಉದುರಿಸುತ್ತಿದ್ದವು. ಅಂಗಡಿಯವರು ಬಂದವರ ಮುಖ ನೋಡಿ ನಾಳೆಯ ಸುದ್ದಿಯನ್ನು ಊಹಿಸುತ್ತಿದ್ದರು.

ಬೊಪ್ಪದೇವರಸರಿಗೆ ಮಕ್ಕಳಿರಲಿಲ್ಲ. ಸಾಯುವುದಕ್ಕೆ ಮೂರು ದಿನ ಮೊದಲು ಅವರು ಗೌಂಡರನ್ನೂ ದಂಡಿನ ಪ್ರಮುಖರನ್ನೂ ಹಾಸಿಗೆಯ ಬಳಿಗೆ ಕರೆಸಿ ಹೇಳಿದ್ದರು: "ಈ ಪೀಠಕ್ಕಾಗಿ ನನ್ನ ಮೂವರು ಅಣ್ಣಂದಿರು ಸತ್ತರು. ಅವರಲ್ಲಿ ಇಬ್ಬರನ್ನು ಕೊಂದವನು ನಾನು. ನನ್ನ ತರುವಾಯ ಇಲ್ಲಿ ಯಾರೂ ಅರಸರಾಗುವುದು ಬೇಡ. ನಾನು ಹೋಗಿ ಒಂದು ಮಂಡಲ, ನಲವತ್ತೆಂಟು ದಿನ, ತುಂಬಿದಾಗ ನೀವು ಹನ್ನೆರಡು ಮಂದಿ ಸೇರಿ, ನಾಡಹಿರಿಯರೆಂದು ಒಬ್ಬರನ್ನು ಆರಿಸಿಕೊಳ್ಳಿ. ಮೂರು ವರ್ಷ ತುಂಬಿದ ದಿನ ಅವರು ಇಳಿಯಲಿ; ಇನ್ನೊಬ್ಬರನ್ನು ಆರಿಸಿ."

ಆರಿಸುವ ಬಗೆಯನ್ನೂ ಅವರೇ ಹೇಳಿದ್ದರು. ಅದುವರೆಗೆ ಅರಸನು ಒಂದು ಕಾರ್ಯವನ್ನು ಒಬ್ಬನಿಗೆ ಒಪ್ಪಿಸುವಾಗ ತನ್ನ ಕೈಯಿಂದ ವೀಳ್ಯವನ್ನು ಕೊಡುತ್ತಿದ್ದನು. ಎರಡು ವೀಳ್ಯದೆಲೆ, ಒಂದು ಅಡಿಕೆ; ಅದನ್ನು ತೆಗೆದುಕೊಂಡವನು ಕಾರ್ಯವನ್ನು ಮಾಡಿಯೇ ತೀರಬೇಕು. ಇನ್ನು ಮುಂದೆ ನಾಡುಗಳೇ ವೀಳ್ಯ ಕೊಡುವವರು. ಒಂದು ಹೆಸರು ಬಂದಾಗ ಒಪ್ಪಿದ ಗೌಂಡರು ತಮ್ಮ ನಾಡಿನ ವೀಳ್ಯವನ್ನು ಹರಿವಾಣದಲ್ಲಿಡುವುದು. ಏಳು ನಾಡು ಕೂಡಿದರೆ ಆ ಹರಿವಾಣವನ್ನು ಅವರ ಮುಂದೆ ಹಿಡಿಯುವುದು. "ನಾಡಿನ ವೀಳ್ಯ ತೆಗೆದುಕೊಂಡವರ ಮಾತೇ ನಮಗೆ ಅರಸನ ಮಾತು" ಎಂದು ದಂಡಿನವರೆಲ್ಲ ಕತ್ತಿ ಮುಟ್ಟಿ ಆಣೆಯಿಟ್ಟರು. ದಂಡನಾಯಕ ಮುದ್ದರಸನೂ ಇಟ್ಟನು.

ಎಲ್ಲರೂ ಹೊರಟ ಮೇಲೆ ಅರಸರು ಗರುಡರ ಮುಖ್ಯನಾದ ಬಾಚೆಯನಾಯಕನನ್ನು ಹತ್ತಿರ ಕರೆದರು.

ಗರುಡರೆಂದರೆ ಅರಸನೊಡನೆ ಬದುಕಿ, ಅರಸನೊಡನೆ ಸಾಯುವೆವೆಂದು ಭಾಷೆ ಕೊಟ್ಟ ವೀರರು. ಎಡಗಾಲಿಗೆ ತೊಡರು ಎಂಬ ಕಂಚಿನ ಬಳೆ ಹಾಕಿಕೊಂಡ ದಿನವೇ ಅವರ ಪ್ರಾಣ ಒಡೆಯನದಾಗುತ್ತಿತ್ತು. ಅವರ ಹೆಂಡಿರೂ ಅದೇ ದಾರಿ ಹಿಡಿಯುವುದು ವಾಡಿಕೆ. ಸಿರಿವೊಳಲಿನಲ್ಲಿ ಅಂಥವರು ಏಳು ಮಂದಿ ಇದ್ದರು. ಅವರಲ್ಲಿ ಕಿರಿಯವನು ಬಾಚೆಯನಾಯಕನ ಒಬ್ಬನೇ ಮಗ ಚಾವುಂಡ.

"ಬಾಚಯ್ಯ, ನೀನು ನನ್ನೊಡನೆ ಬರಬೇಡ," ಎಂದರು ಅರಸರು. "ಸಭೆಯ ಬಾಗಿಲು ಕಾಯಿ. ಸಾಯಲು ನಿಂತವನನ್ನು ಯಾರೂ ಕೊಳ್ಳಲಾರರು, ಯಾರೂ ಬೆದರಿಸಲಾರರು. ನಾಡುಗಳು ಒಬ್ಬರಿಗೆ ವೀಳ್ಯ ನೀಡಿದ ಕ್ಷಣಕ್ಕೆ ನಿನ್ನ ಹೊಣೆ ತೀರಿತು. ಆಗ ಬಾ."

ಅರಸರ ಚಿತೆಗೆ ಬೆಂಕಿಯಿಟ್ಟ ದಿನ ಆರು ಮಂದಿ ಹೋದರು. ಏಳನೆಯವನು ನಿಂತು ನೋಡಿದನು. ಚಾವುಂಡನಿಗೆ ಇಪ್ಪತ್ತೆರಡು ವರ್ಷ. ಅವನು ತಂದೆಯ ಕಾಲಿಗೆ ಬಿದ್ದು ಎದ್ದು, ಸಂತೆಗೆ ಹೊರಟವನಂತೆ, "ಬರುತ್ತೇನಪ್ಪ" ಎಂದು ಹೇಳಿ ನಡೆದನು.

ಅಂದಿನಿಂದ ಬಾಚೆಯನಾಯಕನು ಊರಿನಲ್ಲಿ ಅರ್ಧ ಸತ್ತವನಂತೆ ತಿರುಗಾಡಿಕೊಂಡಿದ್ದನು. ಎದುರಿಗೆ ಬಂದವರು ದೇವರ ಮುಂದೆ ಬಾಗುವಂತೆ ಬಾಗುತ್ತಿದ್ದರು. ಮಾತಾಡಿಸುವವರು ಮಾತ್ರ ಇರಲಿಲ್ಲ. ಅವನ ವೀರಗಲ್ಲಿಗೆ ಕಲ್ಲು ಸಹ ಬಂದು ಬಿದ್ದಿತ್ತು.

ನಲವತ್ತೇಳನೆಯ ದಿನ ಬೆಳಗ್ಗೆ ಸಭಾಮಂಟಪದ ಬಾಗಿಲಿಗೆ ದಂಡನಾಯಕ ಮುದ್ದರಸನು ಒಬ್ಬನೇ ಬಂದನು. ನಾನೂರು ಕುದುರೆಗಳ ಒಡೆಯ, ಸುಂದರ ಪುರುಷ, ಮಾತಿಗೆ ಮೊದಲು ನಗುವವನು.

"ಗರುಡನಾಯಕರಿಗೆ ಶರಣು. ಮೈಯಲ್ಲಿ ಸೌಖ್ಯವೆ?"

"ನಾಳೆ ಹೊರಡುವವನ ಸೌಖ್ಯವನ್ನು ವಿಚಾರಿಸುತ್ತೀರಲ್ಲ, ದಂಡನಾಯಕರೇ."

"ಹೊರಡುವ ಮಾತು ಏಕೆ? ಗೌಂಡರ ಬಿಡಾರಗಳಲ್ಲಿ ನಾಳೆ ನಿಮ್ಮ ಹೆಸರೇ ಬರುತ್ತದೆಂಬ ಮಾತಿದೆ. ನನ್ನನ್ನು ಕೆಲವರು ಒಲ್ಲರು. ಆ ಕೆರೆನಾಡಿನ ಗೌಂಡಿತಿ ಚಂದಿಯಬ್ಬೆಯನ್ನು ಹೆಂಗಸೆಂದು ಇನ್ನು ಕೆಲವರು ಒಲ್ಲರು. ನಿಮ್ಮ ಮೇಲೆ ದೂರು ಹೇಳುವ ನಾಲಗೆ ಈ ರಾಜ್ಯದಲ್ಲಿ ಹುಟ್ಟಿಲ್ಲ." ಮುದ್ದರಸನು ಕೈಜೋಡಿಸಿದನು. "ನಾಡು ಕೊಟ್ಟ ವೀಳ್ಯವನ್ನು ಒಲ್ಲೆನೆನ್ನಬೇಡಿ. ಅದೊಂದೇ ನನ್ನ ಬಿನ್ನಪ."

ಬಾಚೆಯನಾಯಕನು ಯುದ್ಧ ಬಲ್ಲವನು. ಹೊಗಳಿಕೆಯನ್ನು ಎದುರಿಸಲು ಕಲಿತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದಾಗ ಹೆಂಡತಿ ದೇಕವ್ವೆಗೆ ಇದನ್ನು ಹೇಳಿದನು. ಆಕೆ ಜೋಳದ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ನಾಳೆ ನಾನೂರು ಕುದುರೆಗೂ ಹೊತ್ತು ಮೂಡುವ ಮೊದಲೇ ಜೀನು ಬಿಗಿಯಬೇಕಂತೆ. ಲಾಯದ ಹೆಂಗಸರು ಬಾವಿಯ ಹತ್ತಿರ ಹೇಳಿಕೊಳ್ಳುತ್ತಿದ್ದರು."

"ಸಭೆಯ ಗೌರವಕ್ಕಿರಬಹುದು."

"ಇರಬಹುದು. 'ಗರುಡ ಬಿದ್ದನೆಂದು ಕೂಗು ಕೇಳಿದೊಡನೆ ಒಳಗೆ ನುಗ್ಗಿ, ಆಗ ಕೋಟೆಗೆ ದಿಕ್ಕಿರುವುದಿಲ್ಲ' ಎಂದೂ ದಂಡನಾಯಕ ಹೇಳಿದ್ದಾನಂತೆ. ಅದು ಯಾವ ಗೌರವಕ್ಕೆ?" ರೊಟ್ಟಿಯನ್ನು ಹಂಚಿಗೆ ಹಾಕಿ ಆಕೆ ಗಂಡನ ಕಡೆ ತಿರುಗಿದಳು. "ನಿಮಗೆ ವೀಳ್ಯ ಕೊಟ್ಟರೆ ಏನಾಗುತ್ತದೆ, ಹೇಳಿ. ಅರಸರ ಮಾತಿನ ಪ್ರಕಾರ ಆ ಕ್ಷಣವೇ ನಿಮ್ಮ ಹೊಣೆ ತೀರಿತು. ನೀವು ಅಲ್ಲಿಯೇ ಭಾಷೆ ತೀರಿಸುತ್ತೀರಿ. ಆಯ್ಕೆಯಾದವನೂ ಇಲ್ಲ, ಬಾಗಿಲು ಕಾಯುವವನೂ ಇಲ್ಲ. ಉಳಿದವನು ಯಾರು? ನಿಮ್ಮನ್ನು ಕೊಲ್ಲಲು ಅವನಿಗೆ ಕತ್ತಿ ಏಕೆ ಬೇಕು? ಎಲೆ ಅಡಿಕೆ ಸಾಕು."

ಅವನು ತಟ್ಟೆಯ ಮುಂದೆ ಕುಳಿತು ಒಂದೊಂದೇ ದಾರಿಯನ್ನು ಲೆಕ್ಕ ಹಾಕಿದನು. ಎದುರಿಗೆ ಹಿಡಿದ ವೀಳ್ಯವನ್ನು ಅದುವರೆಗೆ ತಿರಸ್ಕರಿಸಿದವರು ಯಾರೂ ಇಲ್ಲ. ತಿರಸ್ಕರಿಸಿದರೂ ನಾಡು ನೀಡಿದ್ದು ನೀಡಿದ್ದೇ. ಅವನ ಗಡುವು ಮುಗಿಯುತ್ತದೆ. ಮೊದಲೇ ಗೌಂಡರಿಗೆ ಹೇಳೋಣವೆಂದರೆ ಬಾಗಿಲು ಕಾಯುವವನು ಆಯ್ಕೆಯ ವಿಷಯವಾಗಿ ಸಭೆಯ ಒಳಗಾಗಲಿ ಹೊರಗಾಗಲಿ ಗೌಂಡರೊಡನೆ ಬಾಯಿ ತೆರೆಯಬಾರದೆಂದು ಅರಸರ ಕಟ್ಟಳೆ. ಯಾವ ಕಡೆಯಿಂದ ನೋಡಿದರೂ ಸಾವು ಬಂದು ಮೊದಲು ನಿಲ್ಲುತ್ತಿತ್ತು. ಅದರ ಬೆನ್ನಿಗೇ ನಾನೂರು ಕುದುರೆಗಳು.

"ಸಾಯುವುದಕ್ಕೆ ನಾನು ಹೆದರುವವನಲ್ಲ, ದೇಕವ್ವೆ."

"ಬಲ್ಲೆ," ಎಂದಳು ಆಕೆ. "ಸಾಯುವುದು ನಮ್ಮ ಮನೆಯಲ್ಲಿ ಸುಲಭ. ಇಪ್ಪತ್ತು ವರ್ಷದಿಂದ ಅಭ್ಯಾಸ ಮಾಡಿದ್ದೇವೆ. ಮಗುವಿಗೂ ಕಲಿಸಿದೆವು." ಆಮೇಲೆ ದನಿ ತಗ್ಗಿಸಿ, "ರೊಟ್ಟಿ ಆರುತ್ತದೆ, ಉಣ್ಣಿ," ಎಂದಳು.

ಮರುದಿನ ಸಭಾಮಂಟಪದಲ್ಲಿ ಹನ್ನೆರಡು ಗೌಂಡರು ಅರ್ಧಚಂದ್ರಾಕಾರವಾಗಿ ಕುಳಿತರು. ಎದುರಿಗೆ ಬರಿದಾದ ಪೀಠ. ಅದರ ಕೆಳಗೆ ಕಂಚಿನ ಹರಿವಾಣ. ಬಾಗಿಲಲ್ಲಿ ಬಾಚೆಯನಾಯಕನು ಕತ್ತಿ ಊರಿ ನಿಂತನು. ಅವನ ಬೆನ್ನ ಹಿಂದೆ, ಮೆಟ್ಟಿಲುಗಳ ಕೆಳಗಿನ ಬಯಲಿನಲ್ಲಿ ನಾನೂರು ಕುದುರೆಗಳು ಬಾಲ ಬೀಸುತ್ತ ನಿಂತಿದ್ದವು. ಮುದ್ದರಸನು ಎಲ್ಲರಿಗಿಂತ ಮುಂದೆ. ಬಯಲಿನ ಅಂಚಿನಲ್ಲಿ ಊರಿನ ಜನ, ಅವರ ನಡುವೆ ಹಸಿರು ಸೀರೆಯುಟ್ಟು ಸಾವಿಗೆ ಸಿದ್ಧಳಾಗಿ ಬಂದ ದೇಕವ್ವೆ.

ಮೊದಲು ಚಂದಿಯಬ್ಬೆಯ ಹೆಸರು ಬಂತು. ಗಂಡ ಸತ್ತ ಮೇಲೆ ಹದಿನಾರು ವರ್ಷ ತಾನೇ ಕೆರೆನಾಡನ್ನು ಆಳಿ, ಒಡೆದ ಏರಿಯನ್ನು ತಾನೇ ನಿಂತು ಕಟ್ಟಿಸಿದ ಮುದುಕಿ ಆಕೆ. ಐದು ವೀಳ್ಯಗಳು ಹರಿವಾಣಕ್ಕೆ ಬಿದ್ದವು. ಆರನೆಯ ಗೌಂಡನು ಎದ್ದವನು ಬಯಲಿನ ಕುದುರೆಗಳ ಕಡೆ ನೋಡಿ ಮತ್ತೆ ಕುಳಿತನು. ಹರಿವಾಣವನ್ನು ಬರಿದುಮಾಡಿದರು. ಮುದ್ದರಸನ ಹೆಸರಿಗೆ ಮೂರೇ ಬಂದವು.

ಆಗ ಮುದ್ದರಸನ ಬೀಗನಾದ ಮಾಳಗೌಂಡನು ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು, "ಮಹಾಸಭೆ ಲಾಲಿಸಬೇಕು. ನಾವು ಎಲ್ಲೆಲ್ಲಿಯೋ ಹುಡುಕುತ್ತಿದ್ದೇವೆ, ಯೋಗ್ಯರು ಬಾಗಿಲಲ್ಲಿಯೇ ನಿಂತಿದ್ದಾರೆ. ಬಾಚೆಯನಾಯಕರು!" ಎಂದನು.

ಸಭೆಯಲ್ಲಿ ಒಂದು ನಿಟ್ಟುಸಿರು ಹರಿಯಿತು. ಹೆದರಿದ್ದವರಿಗೆಲ್ಲ ಅದೊಂದು ಹಗುರವಾದ ದಾರಿಯಾಗಿ ಕಂಡಿತು: ದಂಡನಾಯಕನಿಗೆ ಸಿಟ್ಟು ಬಾರದು, ಮನಸ್ಸಿಗೂ ಪಾಪವಿಲ್ಲ.

"ನಿಮಗೆ ಬುದ್ಧಿ ಸ್ವಾಧೀನದಲ್ಲಿದೆಯೇ?" ಎಂದಳು ಚಂದಿಯಬ್ಬೆ ಕುಳಿತಲ್ಲಿಂದಲೇ. "ಸಾಯಲು ಹೊರಟವನ ತಲೆಗೆ ಪೇಟ ಕಟ್ಟುತ್ತೀರಾ?"

"ನಾಡಿನ ಮಾತಿಗಾಗಿ ಅವರು ಉಳಿದಾರು, ಅಮ್ಮ. ಪುರೋಹಿತರು ಏನಾದರೂ ಶಾಂತಿ ಮಾಡಿಸಿಯಾರು," ಎಂದನು ಮಾಳಗೌಂಡನು.

"ಗರುಡನ ಭಾಷೆಗೆ ಶಾಂತಿಯೇ? ನಿಮ್ಮ ಅಜ್ಜ ಕೇಳಿದ್ದನೇ, ನೀವು ಕೇಳಿದ್ದೀರಾ?"

ಆಕೆಯ ಮಾತು ನಡೆಯಲಿಲ್ಲ. ಒಂದೊಂದಾಗಿ ವೀಳ್ಯಗಳು ಬಿದ್ದವು. ಆರು. ಏಳು. ಎಂಟು. ಮಾಳಗೌಂಡನು ಹರಿವಾಣವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಾಗಿಲಿನವರೆಗೆ ನಡೆದು ಬಂದು, ಬಯಲಿಗೆಲ್ಲ ಕಾಣುವಂತೆ ಬಾಚೆಯನಾಯಕನ ಮುಂದೆ ಹಿಡಿದನು.

"ನಾಡುಗಳ ವೀಳ್ಯ, ನಾಯಕರೇ."

ಮುದ್ದರಸನು ಜೀನಿನ ಮೇಲೆ ನೆಟ್ಟಗೆ ಕುಳಿತು, ಕಡಿವಾಣವನ್ನು ಕೈಗೆ ಸುತ್ತಿಕೊಂಡನು. ಬಾಚೆಯನಾಯಕನು ಎಂಟು ಜೊತೆ ಎಲೆಗಳನ್ನು ನೋಡಿದನು. ನಲವತ್ತೆಂಟು ದಿನ ಕಾದ ಕ್ಷಣ ಇದೇ. ಕತ್ತಿ ಕೈಯಲ್ಲಿತ್ತು. ಮಗನು ಹೋದ ದಾರಿ ಎದುರಿಗೇ ತೆರೆದಿತ್ತು. ಅಲ್ಲಿಗೆ ಹೋದರೆ ಇನ್ನು ಯಾವ ಮಾತಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಅವನ ಕೈಕಾಲುಗಳೆಲ್ಲ ಆ ಕಡೆಗೇ ಎಳೆಯುತ್ತಿದ್ದವು. ಇಪ್ಪತ್ತು ವರ್ಷದ ಅಭ್ಯಾಸ ಎಂದರೆ ಅದು.

ಅವನು ಕತ್ತಿಯನ್ನು ಗೋಡೆಗೆ ಒರಗಿಸಿಟ್ಟನು. ಹರಿವಾಣದಿಂದ ಒಂದು ವೀಳ್ಯವನ್ನು ತೆಗೆದುಕೊಂಡು, ಬಾಯಿಗಿಟ್ಟು, ಅಗಿದು ನುಂಗಿದನು.

"ತೆಗೆದುಕೊಂಡೆನು," ಎಂದನು.

ಅವನು ಮೆಟ್ಟಿಲ ಮೇಲೆ ಕುಳಿತು, ಎಡಗಾಲನ್ನು ಮಡಿಸಿ, ತೊಡರಿನ ಸಂದಿಗೆ ಬಾಕುವನ್ನು ತೂರಿಸಿ ಮೀಟಿದನು. ಹಳೆಯ ಕಂಚು ಬೇಗ ಬಿಡಲಿಲ್ಲ. ಹಿಮ್ಮಡಿಯ ಮೇಲೆ ರಕ್ತ ಒಸರಿತು. ಕೊನೆಗೆ ತೊಡರು ಬಾಯಿಬಿಟ್ಟು ಕಲ್ಲಿನ ಮೇಲೆ ಬಿದ್ದು ಉರುಳಿತು.

ಯಾರೋ ಒಬ್ಬಳು ಮುದುಕಿ "ಅಯ್ಯೋ!" ಎಂದು ಮುಖ ಮುಚ್ಚಿಕೊಂಡಳು. ಅದರ ಹಿಂದೆಯೇ ಬಯಲಿನ ಆ ತುದಿಯಿಂದ ಈ ತುದಿಯವರೆಗೆ ಗುಜುಗುಜು ಎದ್ದಿತು.

"ಹೇಡಿ!" ಎಂದು ಮುದ್ದರಸನು ಕೂಗಿದನು. ಅವನ ದನಿಯಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಾಗಿತ್ತು. ಅವನು ಎಲ್ಲವನ್ನೂ ಯೋಚಿಸಿದ್ದನು. ಗರುಡನೊಬ್ಬನು ಬದುಕಿಕೊಂಡಾನು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಆ ನಾಡಿನಲ್ಲಿ ಯಾರೂ ಅದನ್ನು ಯೋಚಿಸುತ್ತಿರಲಿಲ್ಲ. "ನೋಡಿರಯ್ಯ, ನಿಮ್ಮ ಗರುಡನನ್ನು! ಹಸುಳೆ ಮಗ ಮಾಡಿದ್ದನ್ನು ಈ ಅಪ್ಪ ಮಾಡಲಾರದೆ ಹೋದ! ಪೀಠದ ಆಸೆಗೆ ಒಡೆಯನ ಭಾಷೆ ಮಾರಿಕೊಂಡ!"

ಬಾಚೆಯನಾಯಕನು ಎದ್ದು ನಿಂತನು. ಮಗನ ಮಾತು ಬಂದಾಗ ಅವನ ಮುಖ ಒಂದು ಸಲ ಬಿಳಿಚಿತು, ದನಿ ಅಲುಗಲಿಲ್ಲ.

"ದಂಡನಾಯಕರು ಹೇಳಿದ್ದು ನಿಜ. ನಾನು ಭಾಷೆ ತಪ್ಪಿದವನು. ಆದರೆ ಈಗ ನಾನು ನಾಡಿನ ವೀಳ್ಯ ತೆಗೆದುಕೊಂಡವನು. ಅಂಥವರ ಮಾತು ನಡೆಸುತ್ತೇವೆಂದು ನೀವೆಲ್ಲ ಅರಸರ ಹಾಸಿಗೆಯ ಮುಂದೆ ಕತ್ತಿ ಮುಟ್ಟಿದ್ದೀರಿ. ನನ್ನ ಆಜ್ಞೆ ಒಂದೇ. ನಾನೂರು ಕುದುರೆಗಳೂ ಈಗಲೇ ಕೋಟೆ ಬಿಟ್ಟು ಹೊಳೆ ದಾಟಬೇಕು. ಮೂರು ದಿನ ಇತ್ತ ಕಡೆ ಕಾಲಿಡಬಾರದು. ದಂಡನಾಯಕರನ್ನೂ ಕರೆದುಕೊಂಡು ಹೋಗಿ."

ಯಾರೂ ಕದಲಲಿಲ್ಲ. ಒಂದು ಕುದುರೆ ಕೆನೆಯಿತು. ಮುದ್ದರಸನು ಕತ್ತಿ ಹಿರಿದು, "ಹೇಡಿಯ ಮಾತಿಗೆ ಯಾರು ತಲೆಬಾಗುತ್ತೀರಿ? ನುಗ್ಗಿ!" ಎಂದು ಅಬ್ಬರಿಸಿದನು.

ಮೊದಲ ಸಾಲಿನಿಂದ ಮಾದೆಯನೆಂಬ ಹಳೆಯ ರಾವುತನು ಕುದುರೆಯನ್ನು ಮುಂದೆ ತಂದನು. ಚಾವುಂಡನಿಗೆ ಕುದುರೆ ಸವಾರಿ ಕಲಿಸಿದವನು ಅವನು. ಅವನು ಬಾಚೆಯನಾಯಕನನ್ನು ನೋಡಿದ ನೋಟದಲ್ಲಿ ಕರುಣೆಯ ಪಸೆಯೂ ಇರಲಿಲ್ಲ.

"ಇನ್ನು ಜನ್ಮದಲ್ಲಿ ನಿನಗೆ ಕೈಯೆತ್ತಿ ಮುಗಿಯಲಾರೆ, ಬಾಚ," ಎಂದನು. ಆಮೇಲೆ ಮುದ್ದರಸನ ಕುದುರೆಯ ಕಡಿವಾಣಕ್ಕೆ ಕೈಹಾಕಿದನು. "ನಡೆಯಿರಿ, ದಂಡನಾಯಕರೇ. ಒಬ್ಬನು ಭಾಷೆ ತಪ್ಪಿದ್ದು ಸಾಕು. ನಾವು ನಾನೂರು ಮಂದಿಯೂ ತಪ್ಪುವುದು ಬೇಡ. ವೀಳ್ಯ ತೆಗೆದುಕೊಂಡವರ ಮಾತು."

ಮುದ್ದರಸನು ಕತ್ತಿ ಎತ್ತಿದನು. ಸುತ್ತಲೂ ನೋಡಿದನು. ಒಬ್ಬೊಬ್ಬ ರಾವುತನೂ ಕುದುರೆಯನ್ನು ಕೋಟೆಯ ಬಾಗಿಲ ಕಡೆ ತಿರುಗಿಸುತ್ತಿದ್ದನು. ಅವನ ಕೈ ತಾನಾಗಿ ಕೆಳಗಿಳಿಯಿತು. ಮೆಟ್ಟಿಲಿನ ಮುಂದೆ ಹಾಯುವಾಗ ಎಷ್ಟೋ ಮಂದಿ ಉಗುಳಿದರು. ಉಗುಳಿಕೊಂಡೇ ಆಜ್ಞೆಯನ್ನು ನಡೆಸಿದರು. ಕೊನೆಯ ಕುದುರೆ ಹೊರಟು ಧೂಳು ಅಡಗುವವರೆಗೂ ಬಾಚೆಯನಾಯಕನು ಅಲ್ಲಿಯೇ ನಿಂತಿದ್ದನು.

ಆಮೇಲೆ ಅವನು ಒಳಗೆ ಹೋಗಿ ಗೌಂಡರಿಗೆ ಕೈಮುಗಿದನು.

"ಭಾಷೆ ತಪ್ಪಿದವನು ಆ ಪೀಠದಲ್ಲಿ ಕೂಡಬಾರದು. ನನ್ನ ಕೆಲಸ ಮುಗಿಯಿತು. ನಿಮ್ಮ ವೀಳ್ಯ ನಿಮಗೆ. ಈಗ ಬಯಲಿನಲ್ಲಿ ಯಾರೂ ಇಲ್ಲ; ಹೊರಗೆ ನೋಡಬೇಕಾಗಿಲ್ಲ. ನಿಮ್ಮ ಮನಸ್ಸಿನಲ್ಲಿ ಯಾರಿದ್ದಾರೋ ಅವರನ್ನು ಆರಿಸಿಕೊಳ್ಳಿ. ಅಲ್ಲಿಯವರೆಗೆ ಬಾಗಿಲಲ್ಲಿ ನಿಲ್ಲುತ್ತೇನೆ. ಈಗ ನನಗೆ ಗಡುವಿಲ್ಲ."

ಯಾರೂ ಅವನ ಮುಖ ನೋಡಲಿಲ್ಲ. ಅವನು ಬಾಗಿಲಿಗೆ ಮರಳಿದನು. ಹೊತ್ತು ನೆತ್ತಿಗೆ ಬರುವ ಮೊದಲೇ ಚಂದಿಯಬ್ಬೆಯ ಹರಿವಾಣದಲ್ಲಿ ಒಂಬತ್ತು ವೀಳ್ಯಗಳಿದ್ದವು. ಆಕೆ ಒಂದನ್ನು ಬಾಯಿಗಿಟ್ಟು, ಹಲ್ಲಿಲ್ಲದ ಬಾಯಲ್ಲಿ ಅಡಿಕೆಯನ್ನು ಬಹಳ ಹೊತ್ತು ಹೊರಳಿಸಿ, "ಅಡಿಕೆ ಕುಟ್ಟಿ ಕೊಡುವ ಬುದ್ಧಿ ಹನ್ನೆರಡು ನಾಡಿನಲ್ಲಿ ಒಬ್ಬರಿಗೂ ಇಲ್ಲವಲ್ಲ!" ಎಂದು ಗೊಣಗಿಕೊಂಡೇ ಪೀಠವನ್ನೇರಿದಳು.

ಬಾಚೆಯನಾಯಕನು ಮೆಟ್ಟಿಲಿಳಿದು ಬಂದಾಗ ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಹಿಂದಿನಂತೆ ಬಾಗಿ ಬಿಟ್ಟದ್ದಲ್ಲ, ಮೈ ತಗಲೀತೆಂದು ಸರಿದು ಬಿಟ್ಟದ್ದು. ಆ ದಾರಿಯ ಕೊನೆಯಲ್ಲಿ ದೇಕವ್ವೆ ನಿಂತಿದ್ದಳು. ಆಕೆ ಅವನ ಹಿಮ್ಮಡಿಯನ್ನು ನೋಡಿ, ಸೆರಗಿನ ತುದಿಯನ್ನು ಹರಿದು, ಎಲ್ಲರೆದುರಿಗೆ ಕುಕ್ಕರುಗಾಲಲ್ಲಿ ಕುಳಿತು ಗಾಯಕ್ಕೆ ಕಟ್ಟಿದಳು.

"ಚಾವುಂಡ ಏನೆಂದುಕೊಳ್ಳುತ್ತಾನೋ," ಎಂದನು ಅವನು.

ಆಕೆ ಗಂಟನ್ನು ಇನ್ನೊಂದು ಸಲ ಬಿಗಿದಳು. "ಅವನಿಗೆ ಹೇಳುವುದನ್ನು ನಾವು ಹೋದಾಗ ಹೇಳೋಣ. ನಡೆಯಿರಿ."

ಮುದ್ದರಸನು ಹೊಳೆಯಾಚೆಯಿಂದಲೇ ಪರರಾಜ್ಯಕ್ಕೆ ಹೊರಟುಹೋದನು. ಸಿರಿವೊಳಲು ಬಾಚೆಯನಾಯಕನನ್ನು ಕ್ಷಮಿಸಲಿಲ್ಲ. ಆರು ಗರುಡರ ವೀರಗಲ್ಲುಗಳಿಗೆ ಹೂವೇರಿತು. ಏಳನೆಯದಕ್ಕೆಂದು ತಂದ ಕಲ್ಲನ್ನು ಅಗಸರು ಬಟ್ಟೆ ಒಗೆಯಲು ಒಯ್ದರು. ನಾಡಹಿರಿಯಳಾದ ಚಂದಿಯಬ್ಬೆಯು ಅವನಿಗೊಂದು ಊರನ್ನು ಉಂಬಳಿ ಕೊಡಲು ಹೊರಟಾಗ ಹನ್ನೆರಡರಲ್ಲಿ ಹತ್ತು ಗೌಂಡರು ಒಪ್ಪಲಿಲ್ಲ. ತನಗೊಬ್ಬಳಿಗೇ ತೋಚಿದ್ದನ್ನು ಮಾಡುವ ಅಧಿಕಾರ ಆಕೆಗಿರಲಿಲ್ಲ, ಆಕೆ ಸುಮ್ಮನಾದಳು. ಅವನು ಕೋಟೆಯ ಹೊರಗೆ ಎರಡು ಎಮ್ಮೆ ಸಾಕಿಕೊಂಡು, ಒಂದು ತುಂಡು ಹೊಲ ಉತ್ತುಕೊಂಡು ಬದುಕಿದನು. ದೇವಸ್ಥಾನದ ಪಂಕ್ತಿಯಲ್ಲಿ, ಸಂತೆಯ ಕಟ್ಟೆಯಲ್ಲಿ, ಯಾರ ಮನೆಯ ಮದುವೆಯಲ್ಲಿಯೂ ಅವನ ಪಕ್ಕದಲ್ಲಿ ಯಾರೂ ಕೂಡುತ್ತಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಒಮ್ಮೊಮ್ಮೆ ಅವನ ತುತ್ತು ಕೈಯಲ್ಲಿಯೇ ನಿಂತುಬಿಡುತ್ತಿತ್ತು. ಆಗ ದೇಕವ್ವೆ ಏನೂ ಕೇಳದೆ ಮಜ್ಜಿಗೆ ಬಡಿಸುತ್ತಿದ್ದಳು.

ಮೂರು ವರ್ಷ ತುಂಬಿದ ದಿನ ನಾಡುಗಳು ಮತ್ತೆ ಕೂಡಿದವು. ಚಂದಿಯಬ್ಬೆ ಇಳಿಯುತ್ತಾಳೆಂದು ಊರಿನಲ್ಲಿ ಅರ್ಧ ಜನ ನಂಬಿರಲಿಲ್ಲ. ಅದನ್ನು ನೋಡಲೆಂದೇ ಸಭಾಮಂಟಪದ ಅಂಗಳ ಕಿಕ್ಕಿರಿದಿತ್ತು. ಬಾಚೆಯನಾಯಕನೂ ಬಂದು ಹಿಂದೆ, ಒಂದು ಕಂಬದ ಬುಡದಲ್ಲಿ ಕುಳಿತನು. ಅಷ್ಟು ಇಕ್ಕಟ್ಟಿನಲ್ಲಿಯೂ ಅವನ ಸುತ್ತ ಒಂದು ಚಾಪೆಯಷ್ಟು ನೆಲ ಖಾಲಿ ಉಳಿದಿತ್ತು.

ಹೊಸ ನಾಡಹಿರಿಯನಿಗೆ, ನೇಕಾರರ ಕೇರಿಯಿಂದ ಬಂದ ನಡುವಯಸ್ಸಿನ ಒಬ್ಬನಿಗೆ, ವೀಳ್ಯ ಸಂದಿತು. ಚಂದಿಯಬ್ಬೆ ಪೀಠದ ಅಂಚು ಹಿಡಿದು, "ಹಾಗಾದರೆ ನಾನು ಬರುತ್ತೇನೆ," ಎಂದು ಎದ್ದು, ಒಂದೊಂದೇ ಮೆಟ್ಟಿಲು ಇಳಿದಳು. ಯಾರೂ ಸತ್ತಿರಲಿಲ್ಲ. ಆ ಪೀಠವು ಹಾಗೆ ಒಬ್ಬರಿಂದ ಒಬ್ಬರಿಗೆ ಹೋಗಬಹುದೆಂದು ಆ ಜನ ಅಂದು ಮೊದಲ ಸಲ ಕಂಡರು. ಹೇಗೆ ಜಯಕಾರ ಹಾಕಬೇಕೆಂದು ತಿಳಿಯದೆ ಸುಮ್ಮನೆ ನೋಡುತ್ತ ನಿಂತರು.

ಕೆಳಗಿಳಿದ ಮುದುಕಿಗೆ ಈಗ ಕೂಡಲು ಜಾಗವಿರಲಿಲ್ಲ. ಮುಂದಿನ ಸಾಲಿನ ಗೌಂಡರು ಅವಸರವಸರವಾಗಿ ಎದ್ದು, "ಇಲ್ಲಿ ಬನ್ನಿ, ಅಮ್ಮ," ಎಂದರು. ಆಕೆ ಕೈಯಲ್ಲಾಡಿಸಿ ಬೇಡವೆಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಅಂಗಳವನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ಕೋಲೂರಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು, ಕಂಬದ ಬುಡದವರೆಗೆ ನಡೆದು ಬಂದಳು.

"ಸ್ವಲ್ಪ ಸರಿ, ಬಾಚಯ್ಯ," ಎಂದಳು. "ಮಂಡಿ ನೋಯುತ್ತದೆ."

ಅವನು ಸರಿದನು. ಆಕೆ ಅವನ ಭುಜವನ್ನು ಹಿಡಿದುಕೊಂಡು ನೆಲದ ಮೇಲೆ ಕುಳಿತಳು.

ಸ್ವಲ್ಪ ಹೊತ್ತಾದ ಮೇಲೆ, ಅಕ್ಕಪಕ್ಕದಲ್ಲಿ ನಿಂತು ಕಾಲು ಸೋತಿದ್ದ ಕೆಲವರು ಅತ್ತ ಇತ್ತ ನೋಡಿ, ಆ ಖಾಲಿ ನೆಲದಲ್ಲಿ ಒಬ್ಬೊಬ್ಬರಾಗಿ ಕುಳಿತುಕೊಂಡರು.